ವೈಪರ್ ಏಕೆ ಓಡಿತು?

ಸುಡುವ ಬಿಸಿಲು. ಆಕಾಶದಲ್ಲಿ ಚೂರು ಮೋಡವೂ ಇಲ್ಲ. ಅಮೆರಿಕದ ರಸ್ತೆಯೊಂದರಲ್ಲಿ ಬಾಡಿಗೆ ಕಾರು ಓಡಿಸುತ್ತಿರುವ ಬೆಂಗಳೂರಿನ ಪ್ರವಾಸಿ ತಿರುವಿನ ಬಳಿ ಇಂಡಿಕೇಟರ್ ಹಾಕುತ್ತಾನೆ. ದೀಪ ಮಿನುಗುವ ಬದಲು ವೈಪರ್ ಎದ್ದು ಒಣಗಾಜನ್ನು ಒರೆಸತೊಡಗುತ್ತದೆ! ಹಿಂದಿನ ಸೀಟಿನ ಮಕ್ಕಳು ಗೊಳ್ಳೆಂದು ನಗುತ್ತಾರೆ.

ಭಾರತದ ಅನೇಕ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಬಲಕ್ಕಿದ್ದರೆ, ಅಲ್ಲಿ ಎಡಕ್ಕೆ. ಇದು ಆತನಿಗೆ ತಿಳಿಯದ್ದೇನಲ್ಲ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ, ಅಷ್ಟೆ.

ಸೈಕಲ್ ಕಲಿಯುವ ಹುಡುಗನಿಗೆ ಮೊದಮೊದಲು ಮೈಯೆಲ್ಲ ಎಚ್ಚರ. ತಿಂಗಳು ಕಳೆಯುವಷ್ಟರಲ್ಲಿ ಹರಟುತ್ತಲೇ ತುಳಿಯುತ್ತಾನೆ. ಪದೇ ಪದೇ ಮಾಡಿದ ಕೆಲಸವನ್ನು ಮಿದುಳು ಅಭ್ಯಾಸವಾಗಿ ಕಾದಿರಿಸುತ್ತದೆ. ಮಿದುಳಿನ ಒಳಭಾಗದ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ದಿನನಿತ್ಯ ಇದು ವರ. ರಸ್ತೆಯ ನಿಯಮ ತಿರುಗುಮುರುಗಾದ ದಿನ ಇದೇ ಶಾಪ.

ಬ್ರಿಟನ್ನಿನಲ್ಲಿ ವಾಹನಗಳು ಎಡಕ್ಕೆ, ಅಮೆರಿಕದಲ್ಲಿ ಬಲಕ್ಕೆ. 1931ರ ಡಿಸೆಂಬರ್ 13ರಂದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ದಾಟುತ್ತಿದ್ದ ವಿನ್‌ಸ್ಟನ್ ಚರ್ಚಿಲ್ ತಮ್ಮೂರಿನ ರೂಢಿಯಂತೆ ನೋಡಬಾರದ ದಿಕ್ಕಿನತ್ತ ನೋಡಿದರು. ಇನ್ನೊಂದು ಕಡೆಯಿಂದ ಬಂದ ಕಾರು ಅವರನ್ನು ಕೆಡವಿತು. ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ಅವರು, ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವ್ಯಕ್ತಿಯ ಪ್ರಾಣ ಅಂದು ಕೂದಲೆಳೆಯಲ್ಲಿ ಉಳಿದಿತ್ತು.

ಆಸ್ಟ್ರೇಲಿಯದಲ್ಲಿ ಭಾರತದಂತೆಯೇ ಎಡಬದಿಯ ಸಂಚಾರ. ಅಲ್ಲಿನ ಗ್ರೇಟ್ ಓಷನ್ ರೋಡ್ ಕಡಲಿಗೆ ಅಂಟಿಕೊಂಡು ಸಾಗುವ ಸೊಗಸಾದ ಹಾದಿ. ಬಲಬದಿಯ ಸಂಚಾರಕ್ಕೆ ಒಗ್ಗಿದ ಪ್ರವಾಸಿಗರಿಗಾಗಿ ಅಲ್ಲಿ ‘ಆಸ್ಟ್ರೇಲಿಯದಲ್ಲಿ ಎಡಕ್ಕೆ ಚಲಿಸಿ’ ಎಂಬ ಫಲಕಗಳನ್ನು ನೆಟ್ಟು, ರಸ್ತೆಯ ಮೇಲೂ ಬಾಣದ ಗುರುತು ಬರೆದಿದ್ದಾರೆ. ಗಿಜಿಗುಡುವ ಪೇಟೆಯಲ್ಲಿ ಮುಂದಿನ ವಾಹನವೇ ದಾರಿ ತೋರುತ್ತದೆ. ಕಡಲನ್ನು ಕಣ್ತುಂಬಿಕೊಂಡು, ಫೋಟೋ ತೆಗೆದು, ಮತ್ತೆ ಖಾಲಿ ರಸ್ತೆಗೆ ಕಾರು ಇಳಿಸುವಾಗ ಮಾತ್ರ ಹಳೆಯ ಅಭ್ಯಾಸ ಮೆಲ್ಲನೆ ಸ್ಟೀರಿಂಗ್ ಹಿಡಿಯುತ್ತದೆ.

ಸ್ವೀಡನ್ ದೇಶದ್ದು ಇನ್ನೂ ಸ್ವಾರಸ್ಯದ ಸಂಗತಿ. 1967ರ ಸೆಪ್ಟೆಂಬರ್ 3ರ ಬೆಳಗಿನ 5 ಗಂಟೆಗೆ ಇಡೀ ದೇಶವೇ ಎಡದಿಂದ ಬಲಕ್ಕೆ ಬದಲಾಯಿತು. ಅಪಘಾತಗಳ ಸರಮಾಲೆಯನ್ನು ನಿರೀಕ್ಷಿಸಿದವರಿಗೆ ಅಚ್ಚರಿ ಕಾದಿತ್ತು: ಮೊದಲ ದಿನಗಳಲ್ಲಿ ಅಪಘಾತಗಳು ಕಡಿಮೆಯಾದವು! ವೇಗಕ್ಕೆ ಕಡಿವಾಣವಿತ್ತು, ಪ್ರತಿಯೊಬ್ಬರ ಕಣ್ಣೂ ರಸ್ತೆಯ ಮೇಲಿತ್ತು. ಹೊಸತು ರೂಢಿಯಾಗುತ್ತಿದ್ದಂತೆ ಅಪಘಾತಗಳೂ ಹಳೆಯ ಮಟ್ಟಕ್ಕೆ ಮರಳಿದವು.

ಅಂದರೆ ಭಯವಿದ್ದಾಗ ಅಪಾಯ ಕಡಿಮೆ. ‘ಇನ್ನು ಅಭ್ಯಾಸವಾಯಿತು’ ಎಂದುಕೊಂಡಾಗಲೇ ಅದು ಹೊಂಚು ಹಾಕುವುದು.

ಓದಿಗೆಂದು ವಿದೇಶಕ್ಕೆ ಹೊರಟ ಮಕ್ಕಳೂ ಅವರನ್ನು ನೋಡಲು ಹೋಗುವ ತಂದೆತಾಯಿಯರೂ ಒಂದು ಸರಳ ಸೂತ್ರ ನೆನಪಿಡಬಹುದು. ಆಯಾ ದೇಶದ ಕಾರಿನಲ್ಲಿ ಚಾಲಕ ಕೂರುವ ಬದಿ ರಸ್ತೆಯ ನಡುಗೆರೆಯತ್ತ ಇರಬೇಕು. ಪಕ್ಕದ ಸೀಟು ರಸ್ತೆಯಂಚಿನತ್ತ. ಪೆಟ್ರೋಲ್ ಹಾಕಿಸಿ ಹೊರಟಾಗ, ಊಟ ಮುಗಿಸಿ ಹೊರಟಾಗ ಮತ್ತೊಮ್ಮೆ ಇದನ್ನು ನೆನೆಯಬೇಕು. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಇಳಿದವರು ಆ ದಿನ ಕಾರು ಮುಟ್ಟದಿರುವುದೇ ಲೇಸು.

ವೈಪರ್ ಓಡಿದಾಗ ಮಕ್ಕಳು ನಗಲಿ ಬಿಡಿ. ಆದರೆ ಮುಂದಿನ ತಿರುವಿನಲ್ಲಿ ಅವರೇ ಮುಂದಕ್ಕೆ ಬಾಗಿ ‘ಅಪ್ಪಾ, ಬಲಕ್ಕೆ’ ಎಂದು ನೆನಪಿಸಿದರೆ, ಅಪ್ಪ ಸಿಡುಕಬಾರದು. ಆ ಕ್ಷಣದಲ್ಲಿ ಇಡೀ ಮನೆಯನ್ನು ಕಾಯುತ್ತಿರುವುದು ಆ ಪುಟ್ಟ ದನಿಯೇ.