ತಿಯಾವ್ ದಡದಲ್ಲಿ ಒಂದು ಹಿಡಿ ಅಕ್ಕಿ

ಮಂಗಳೂರಿನಿಂದ ಹೊರಡುವಾಗ ನನ್ನ ಚೀಲದಲ್ಲಿ ಸ್ವೆಟರಿಗಿಂತ ಹೆಚ್ಚು ಜಾಗ ಹಿಡಿದದ್ದು ಒಂದು ಸ್ಟೀಲಿನ ಡಬ್ಬಿ. ನೆರೆಮನೆಯ ಕೆಥೊಲಿಕ್ ಹೆಂಗಸು, ನಾವು ಕರೆಯುವಂತೆ ಬಾಯಿ, ಕೊಟ್ಟದ್ದು. ಒಳಗೆ ಕುಸ್ವಾರ್, ಎಂದರೆ ಕ್ರಿಸ್ಮಸ್ ತಿಂಡಿಗಳು: ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ. ಅವರ ಮನೆಯ ಮಹಡಿಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದು ನರ್ಸಿಂಗ್ ಓದಿದ ಮಿಜೋ ಹುಡುಗನೊಬ್ಬ ಊರಿಗೆ ಮರಳಿದ್ದ. "ಕ್ರಿಸ್ಮಸ್ಸಿಗೆ ಬನ್ನಿ ಸರ್, ಬಾರ್ಡರಿಗೆ ಹೋಗುವ. ಅಲ್ಲಿ ಕ್ಯಾಂಪಿನಲ್ಲಿ ಹಬ್ಬ ಉಂಟು" ಎಂದು ಅಚ್ಚ ಮಂಗಳೂರು ಕನ್ನಡದಲ್ಲಿ ಫೋನು ಮಾಡಿ ಕರೆದವನು ಅವನೇ. ಬಾಯಿಯದು ಒಂದೇ ಷರತ್ತು: "ತಿಂಡಿ ಯಾರಾದರೂ ತಿನ್ನಲಿ, ಡಬ್ಬಿ ಮಾತ್ರ ವಾಪಸ್ ತನ್ನಿ. ಅದು ನನ್ನ ಮದುವೆಯದ್ದು."

ಡಬ್ಬಿ ವಾಪಸಾಗುವ ವಿಷಯದಲ್ಲಿ ನಮ್ಮ ಕಡೆ ಇನ್ನೊಂದು ನಿಯಮವೂ ಇದೆ. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ಬಂದ ಪಾತ್ರೆಯನ್ನು ಖಾಲಿ ಕೊಡುವಂತಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣನ್ನಾದರೂ ಇಟ್ಟು ಕೊಡಬೇಕು. ಆ ನಿಯಮ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲೂ ನಡೆಯುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

*

2023ರ ಡಿಸೆಂಬರ್ 22. ಲೆಂಗ್‌ಪುಯಿ ವಿಮಾನ ನಿಲ್ದಾಣದಲ್ಲಿ ಇಳಿದು, ಹೊರರಾಜ್ಯದವರಿಗೆ ಕಡ್ಡಾಯವಾದ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡು ಐಜ್ವಾಲ್ ಸೇರಿದಾಗ ಸಂಜೆ ಐದೂ ಆಗಿರಲಿಲ್ಲ, ಆಗಲೇ ಕತ್ತಲೆ. ಬೆಟ್ಟದ ನೆತ್ತಿಯಿಂದ ಕಣಿವೆಯ ತಳದವರೆಗೆ ಮನೆಗಳ ದೀಪ. ನಕ್ಷತ್ರ ನೋಡಲು ಕತ್ತು ಬಗ್ಗಿಸಬೇಕಾದ ಊರನ್ನು ನಾನು ಕಂಡದ್ದು ಅದೇ ಮೊದಲು. ಇಕ್ಕಟ್ಟಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದರೂ ಒಬ್ಬರೂ ಹಾರ್ನ್ ಒತ್ತಲಿಲ್ಲ.

ಮಾರನೆಯ ದಿನ ಶನಿವಾರ, ಬೆಳಗ್ಗೆ ಬೇಗನೆ ಚಂಫಾಯಿಗೆ ಹೊರಟೆವು. "ನಾಳೆ ಭಾನುವಾರ, ಏನೂ ಸಿಗುವುದಿಲ್ಲ, ಎಲ್ಲ ಬಂದ್" ಎಂದು ಹುಡುಗ ಅವಸರಪಡಿಸಿದ. ಸುಮಾರು 190 ಕಿಲೋಮೀಟರಿಗೆ ಎಂಟು ಗಂಟೆ. ಸೆಲಿಂಗ್ ಹತ್ತಿರ ರಸ್ತೆಬದಿಯಲ್ಲಿ ಬಿದಿರಿನ ಪುಟ್ಟ ಅಂಗಡಿಗಳ ಸಾಲು. ಸೊಪ್ಪು, ಕುಂಬಳಕಾಯಿ, ಹಣ್ಣು ಜೋಡಿಸಿಟ್ಟಿದೆ, ಬೆಲೆ ಬರೆದಿದೆ, ದುಡ್ಡು ಹಾಕಲು ಒಂದು ಡಬ್ಬವಿದೆ. ಮಾರುವವರು ಮಾತ್ರ ಇಲ್ಲ. 'ನ್ಘಾಹ್ ಲೋ ದಾರ್' ಎಂದರೆ ಕಾಯುವವರಿಲ್ಲದ ಅಂಗಡಿ. ಮಾಲೀಕರು ಗುಡ್ಡದ ಕೆಳಗೆ ಹೊಲದಲ್ಲಿರುತ್ತಾರೆ. ನಾನು ಕಿತ್ತಳೆ ಕೊಂಡು, ನೂರರ ನೋಟು ಹಾಕಿ, ಚಿಲ್ಲರೆಯನ್ನು ನಾನೇ ಎಣಿಸಿಕೊಂಡೆ. ಎರಡು ಸಲ ಎಣಿಸಿದೆ. ಯಾರೂ ನೋಡದಿದ್ದಾಗ ಲೆಕ್ಕದ ಬಗ್ಗೆ ಇಷ್ಟು ಹೆದರಿಕೆಯಾಗುತ್ತದೆಂದು ಗೊತ್ತಿರಲಿಲ್ಲ.

ಚಂಫಾಯಿ ಮಿಜೋರಾಂನ ಅಕ್ಕಿ ಕಣಜ. ಬೆಟ್ಟಗಳ ನಡುವೆ ತಟ್ಟೆಯಂತೆ ಹರಡಿದ ಗದ್ದೆಬಯಲು, ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಭಾನುವಾರ ಬೆಳಗ್ಗೆ ಕಿಟಕಿ ತೆರೆದರೆ ಬಯಲೇ ಇಲ್ಲ. ಬೆಟ್ಟದ ತುದಿಗಳನ್ನಷ್ಟೇ ಬಿಟ್ಟು ಮಂಜು ಎಲ್ಲವನ್ನೂ ಹಾಲಿನಂತೆ ತುಂಬಿಕೊಂಡಿತ್ತು. ಹತ್ತು ಗಂಟೆಗೆ ಮಂಜು ಕರಗಿದಾಗ ಇಡೀ ಊರು ಚರ್ಚಿನೊಳಗಿತ್ತು.

*

ಗಡಿಯ ಜೊಖಾವ್‌ತಾರ್ ಗ್ರಾಮ ಚಂಫಾಯಿಯಿಂದ 28 ಕಿಲೋಮೀಟರ್. ಕ್ರಿಸ್ಮಸ್ ದಿನ ಬಾಡಿಗೆ ಸುಮೋ ಓಡುವುದಿಲ್ಲ. ಹುಡುಗನ ಭಾವನ ಹಳೆಯ ಜೀಪಿನಲ್ಲಿ ಅಕ್ಕಿಮೂಟೆಗಳ ಮೇಲೆ ಕುಳಿತು ಇಳಿದೆವು. ಊರು ಮುಗಿಯುವಲ್ಲಿ ತಿಯಾವ್ ಹೊಳೆ, ಮೇಲೊಂದು ಸೇತುವೆ, ಆಚೆ ಮ್ಯಾನ್ಮಾರ್. ಅಂತರರಾಷ್ಟ್ರೀಯ ಗಡಿ ಎಂದು ನಾನೇನೋ ಕಲ್ಪಿಸಿಕೊಂಡಿದ್ದೆ. ಕಂಡದ್ದು ನಮ್ಮ ಘಟ್ಟದ ಬುಡದ ಹೊಳೆಯಂಥದೇ ಹೊಳೆ. ಡಿಸೆಂಬರಿನ ನೀರು ಮೊಣಕಾಲಿನವರೆಗೆ, ತಳದ ಕಲ್ಲು ಕಾಣುವಷ್ಟು ತಿಳಿ.

ಆಚೆಯ ಗುಡ್ಡದ ಹಿಂದೆ ರಿಹ್ ದಿಲ್ ಎಂಬ ಸರೋವರವಿದೆ. ಸತ್ತವರ ಆತ್ಮಗಳು ಅದನ್ನು ದಾಟಿಯೇ ಪರಲೋಕದ ಹಳ್ಳಿಗೆ ಹೋಗಬೇಕು ಎಂಬುದು ಮಿಜೋಗಳ ಹಳೆಯ ನಂಬಿಕೆ. "ಮಿಜೋರಾಂನ ಅತಿ ದೊಡ್ಡ ಕೆರೆ ಬರ್ಮಾದಲ್ಲಿದೆ ಸರ್" ಎಂದು ಹುಡುಗ ನಕ್ಕ. ಅದು ಇಲ್ಲಿ ಎಲ್ಲರೂ ಹೇಳುವ ಮಾತು. ಬ್ರಿಟಿಷರು ಒಂದೇ ಬೆಟ್ಟಸಾಲನ್ನು ಲುಶಾಯಿ ಹಿಲ್ಸ್, ಚಿನ್ ಹಿಲ್ಸ್ ಎಂದು ಬೇರೆ ಮಾಡಿದರು. 1937ರಲ್ಲಿ ಬರ್ಮಾ ಭಾರತದಿಂದ ಬೇರ್ಪಟ್ಟಾಗ ಈ ಹೊಳೆಯೇ ಗಡಿಯಾಯಿತು. ಆಚೆಯ ಚಿನ್, ಈಚೆಯ ಮಿಜೋ ಒಂದೇ ಬೇರಿನವರು. ಮಾತು ಹತ್ತಿರ, ಧರ್ಮ ಒಂದೇ. ಈಚೆ ಮಿಷನರಿಗಳು ಬಂದದ್ದು 1894ರಲ್ಲಿ, ಆಚೆಯ ಹಾಖಾಕ್ಕೆ 1899ರಲ್ಲಿ.

2021ರ ಫೆಬ್ರವರಿ 1ರಂದು ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡಿತು. ಅದೇ ವರ್ಷ ಚಿನ್ ರಾಜ್ಯದ ಥಾಂತ್ಲಾಂಗ್ ಪಟ್ಟಣ ಸುಟ್ಟು ಬರಿದಾಯಿತು. ಜನ ಹೊಳೆ ದಾಟತೊಡಗಿದರು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಒಳಬರುವವರನ್ನು ತಡೆಯಿರಿ ಎಂದು ಮಾರ್ಚಿನಲ್ಲಿ ಕೇಂದ್ರದಿಂದ ಪತ್ರ ಬಂತು. ಆಗಿನ ಮುಖ್ಯಮಂತ್ರಿ ಝೋರಾಂಥಂಗ, ಇವರು ನಮ್ಮ ರಕ್ತಸಂಬಂಧಿಗಳು ಎಂದು ಪ್ರಧಾನಿಗೇ ಬರೆದರು. ಬಾಗಿಲು ಮುಚ್ಚಲಿಲ್ಲ. ನಾನು ಹೋದಾಗ ಮ್ಯಾನ್ಮಾರಿನವರೇ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಮಿಜೋರಾಂನಲ್ಲಿದ್ದರು. ಮಣಿಪುರದ ಹಿಂಸೆಯಿಂದ ಓಡಿಬಂದವರು ಬೇರೆ ಹತ್ತು ಸಾವಿರಕ್ಕೂ ಮಿಕ್ಕಿ. ಹಿಂದಿನ ತಿಂಗಳಷ್ಟೇ, ನವೆಂಬರ್ 13ರಂದು, ಹೊಳೆಯಾಚೆಯ ಸೇನಾ ಠಾಣೆಗಳ ಮೇಲೆ ಚಿನ್ ಪಡೆಗಳು ದಾಳಿ ಮಾಡಿದಾಗ ಸಾವಿರಾರು ಜನ ಈಚೆ ಬಂದಿದ್ದರು. ಅವರ ಬೆನ್ನಿಗೇ ಮ್ಯಾನ್ಮಾರಿನ ನಲವತ್ತಕ್ಕೂ ಹೆಚ್ಚು ಸೈನಿಕರೂ ಬಂದು ಮಿಜೋರಾಂ ಪೊಲೀಸರಿಗೆ ಶರಣಾದರು. ಓಡಿಸಿದವರೂ ಓಡಿಬಂದವರೂ ಒಂದೇ ಸೀಮೆಯ ನೆರಳಿಗೆ!

*

ಹೊಳೆ ದಾಟಿ ಬಂದವರ ಶಿಬಿರವೆಂದರೆ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಕಡಿದ ನೆಲ, ಅದರ ಮೇಲೆ ಬಿದಿರು ತಟ್ಟಿಯ ಗೋಡೆ, ನೀಲಿ ಟಾರ್ಪಾಲಿನ ಮಾಡು. ಪ್ರತಿ ಬಾಗಿಲಿಗೂ ಬಿದಿರ ಸೀಳು, ಹಳೆಯ ಪ್ಲಾಸ್ಟಿಕ್ ಚೀಲ ಸೇರಿಸಿ ಮಾಡಿದ ನಕ್ಷತ್ರ. ಒಂದರ ಮೇಲೆ ಸಿಮೆಂಟ್ ಕಂಪನಿಯ ಹೆಸರು ಅರ್ಧ ಉಳಿದಿತ್ತು. ಗೋದಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. "ನಮ್ಮಲ್ಲಿ ಗೋದಲಿ ಇಡುವ ಕ್ರಮ ಕಡಿಮೆ ಸರ್, ಅದು ನಿಮ್ಮ ಊರಿನ ಕೆಥೊಲಿಕರದ್ದು" ಎಂದ ಹುಡುಗ. ಪಕ್ಕದ ಮಾಡಿನ ಕೆಳಗೆ ತಾಯಿಯೊಬ್ಬಳು ಕೂಸಿಗೆ ಹೊದಿಕೆ ಸುತ್ತುತ್ತಿದ್ದಳು. ನಾನು ಸುಮ್ಮನಾದೆ.

ಶಿಬಿರದ ಸಮಿತಿಯವರು ನಮ್ಮನ್ನು ಒಂದು ಕುಟುಂಬಕ್ಕೆ ಒಪ್ಪಿಸಿದರು. ಅಜ್ಜಿ, ಸೊಸೆ, ಮೂವರು ಮಕ್ಕಳು. ಮಗ ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಜ್ಜಿಯನ್ನು 'ಪಿ' ಎಂದು ಕರೆಯಬೇಕೆಂದು ಹುಡುಗ ಕಿವಿಯಲ್ಲಿ ಹೇಳಿದ. "ಕ್ರಿಸ್ಮಸ್ ಚಿಬಾಯ್, ಪಿ" ಎಂದು ಕೈ ಮುಂದೆ ಮಾಡಿದೆ. ಆಕೆ ನನ್ನ ಕೈ ಹಿಡಿದು, ಬಿಡದೆ, ಒಲೆಯ ಬಳಿ ಕೂರಿಸಿದಳು. ಹಾಲಿಲ್ಲದ ಚಹಾ, ಜೊತೆಗೆ ಬೆಲ್ಲದ ತುಂಡು. ಮಿಜೋದಲ್ಲಿ ಬೆಲ್ಲಕ್ಕೆ ಕುರ್ತಾಯ್. ಬೆಲ್ಲ ಕಚ್ಚಿ ಚಹಾ ಗುಟುಕರಿಸುವುದು ನನ್ನ ಅಜ್ಜನ ಅಭ್ಯಾಸವೂ ಆಗಿತ್ತು.

ಡಬ್ಬಿ ತೆರೆದೆ. ದಾರಿಯ ಕುಲುಕಾಟಕ್ಕೆ ಕೊಕ್ಕಿಸಾಂ ಪೂರ್ತಿ ಪುಡಿ, ನೆವ್ರಿಗಳು ಬಾಯಿಬಿಟ್ಟು ಎಳ್ಳು ಚೆಲ್ಲಿದ್ದವು. ನಾಚಿಕೆಯಾಯಿತು. ಮಕ್ಕಳಿಗೆ ಅದೊಂದೂ ತಟ್ಟಲಿಲ್ಲ. ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕಿದರು. ಅಜ್ಜಿ ಒಂದು ಕಿಡಿಯೊ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಏನೋ ಹೇಳಿದಳು. "ಇದನ್ನು ಮಾಡಿದ ಹೆಂಗಸಿಗೆ ತಾಳ್ಮೆ ಜಾಸ್ತಿ ಅಂತ" ಎಂದು ಹುಡುಗ ತಿಳಿಸಿದ. ಬಾಯಿ ಬಾಚಣಿಗೆಯ ಮೇಲೆ ಒಂದೊಂದನ್ನೇ ಉರುಳಿಸಿ ಗೆರೆ ಮೂಡಿಸುವುದನ್ನು ನೋಡಿದ್ದ ನನಗೆ ಆ ತೀರ್ಪು ಸರಿಯೆನಿಸಿತು.

ಆಗ ಸೊಸೆ ರಾತ್ರಿಯ ಅಡುಗೆಗೆ ಅಕ್ಕಿ ಅಳೆಯಲು ಎದ್ದಳು. ದಾನವಾಗಿ ಬಂದ ಅಕ್ಕಿ. ಮೂಟೆಯ ಮೇಲೆ ಮುದ್ರೆ ಇತ್ತು. ನಾಲ್ಕು ಲೋಟ ಅಳೆದಳು. ಮರುಕ್ಷಣ ಅದರಿಂದಲೇ ಒಂದು ಹಿಡಿ ತೆಗೆದು, ಒಲೆಯ ಪಕ್ಕದ ಹಳೆಯ ಹಾಲಿನ ಪುಡಿಯ ಡಬ್ಬಕ್ಕೆ ಹಾಕಿದಳು. ಅಳತೆ ತಪ್ಪಿ ತೆಗೆದಳೆಂದುಕೊಂಡೆ.

ತಪ್ಪಿರಲಿಲ್ಲ. ಅದಕ್ಕೆ 'ಬುಹ್‌ಫಾಯ್ ಥಾಮ್' ಎನ್ನುತ್ತಾರೆ, ಹಿಡಿ ಅಕ್ಕಿ. ಪ್ರತಿ ಅಡುಗೆಗೂ ಮೊದಲು ಒಂದು ಹಿಡಿ ತೆಗೆದಿಡುವುದು; ಚರ್ಚಿನ ಹೆಂಗಸರು ಬಂದು ಅದನ್ನು ಒಟ್ಟುಗೂಡಿಸುವುದು. ಐಜ್ವಾಲಿನಲ್ಲಿ 1910ರಲ್ಲಿ ಶುರುವಾದ ಈ ಪದ್ಧತಿಯಿಂದ ಮಿಜೋ ಚರ್ಚುಗಳು ದೊಡ್ಡ ದೊಡ್ಡ ಕೆಲಸ ನಡೆಸಿವೆ. ನಮ್ಮ ಮಠಗಳಿಗೆ ಮುಷ್ಟಿ ಅಕ್ಕಿ ಎತ್ತಿಟ್ಟ ಮನೆಗಳನ್ನು ಬಲ್ಲ ನನಗೆ ರೂಢಿ ಹೊಸದಲ್ಲ. ಆದರೆ ದಾನ ಬಂದ ಅಕ್ಕಿಯಿಂದ ದಾನ?

"ಇದು ಯಾರಿಗೆ?" ಎಂದೆ.

ಸೊಸೆ ಗಲ್ಲವೆತ್ತಿ ಹೊಳೆಯ ಆಚೆಗೆ ತೋರಿಸಿದಳು. ಅಲ್ಲಿ ಇನ್ನೂ ಕಾಡಿನಲ್ಲಿ ಅಡಗಿರುವವರಿಗೆ.

*

ಆ ರಾತ್ರಿ ಹಾಡು. ಬೆಂಚುಗಳನ್ನು ದುಂಡಗೆ ಇಟ್ಟು, ನಡುವೆ 'ಖುವಾಂಗ್' ಎಂಬ ಮರದ ಡೋಲು. ಒಬ್ಬ ಬಡಿಯುತ್ತಾನೆ, ಇನ್ನೊಬ್ಬ ಸಾಲು ಎತ್ತಿಕೊಡುತ್ತಾನೆ, ನೂರಾರು ಗಂಟಲು ಬೇರೆ ಬೇರೆ ಶ್ರುತಿಯಲ್ಲಿ ಕೂಡುತ್ತವೆ. ಯಾರೋ ಎದ್ದು ನಡುವೆ ಹೋಗಿ ನಿಧಾನವಾಗಿ ಹೆಜ್ಜೆ ಹಾಕುತ್ತಾರೆ, ಕಣ್ಣು ಮುಚ್ಚಿ. ರಾತ್ರಿ ಒಂದು ಗಂಟೆಗೂ ನಿಲ್ಲಲಿಲ್ಲ. ನಮ್ಮೂರ ಭಜನೆಯ ಏಕಾಹ ನೆನಪಾಯಿತು. ಭಾಷೆ ತಿಳಿಯದೆಯೂ ತೊಡೆಯ ಮೇಲೆ ನನ್ನ ಕೈ ತಾಳ ಹಾಕುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ಹಾಡುಗಳ ನಡುವೆ ತುಂಡುತುಂಡಾಗಿ ತನ್ನ ಕಥೆ ಹೇಳಿದಳು. ಹುಡುಗ ಹೆಕ್ಕಿ ಹೆಕ್ಕಿ ಕನ್ನಡ ಮಾಡಿದ.

1966ರ ಮಾರ್ಚ್ 5ರಂದು ಐಜ್ವಾಲಿನ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ನಡೆಸಿದ್ದನ್ನು ಮಿಜೋಗಳು ಮರೆತಿಲ್ಲ. ಮಿಜೋ ದಂಗೆಯ ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಇದೇ ತಿಯಾವ್ ದಾಟಿ ಆಚೆ ಹೋದವು. ಅಜ್ಜಿ ಆಗ ಹೊಳೆಯಾಚೆ ಹತ್ತು ವರ್ಷದ ಹುಡುಗಿ. "ಒಂದು ಸಂಜೆ ಐದು ಮಂದಿ ನಮ್ಮ ಮನೆಗೆ ಬಂದರು. ಎರಡು ಕೊಯ್ಲು ಮುಗಿಯುವ ತನಕ ನಮ್ಮ ಒಲೆಯ ಸುತ್ತಲೇ ಮಲಗಿದರು. ಅವರ ಹೆಸರು ಮರೆತಿದ್ದೇನೆ. ಅವರ ಕೂಸು ರಾತ್ರಿಯಿಡೀ ಕೆಮ್ಮುತ್ತಿದ್ದುದು ಮಾತ್ರ ಈಗಲೂ ಕೇಳಿಸುತ್ತದೆ."

ಎಲ್ಲ ಕಾಲದಲ್ಲೂ ಇಷ್ಟೇ ಪ್ರೀತಿ ಇತ್ತೆಂದಲ್ಲ. 2003ರಲ್ಲಿ ಚಿನ್ ಜನರನ್ನು ಹೊರಗಟ್ಟುವ ಅಭಿಯಾನವೇ ಮಿಜೋರಾಂನಲ್ಲಿ ನಡೆದಿತ್ತು. ಅದನ್ನು ಮುಚ್ಚಿಡದೆ ಹೇಳಿದವನೂ ಹುಡುಗನೇ.

"ಹಾಗಾದರೆ ಅಜ್ಜಿಗೆ ಹೇಳು, ಈಗ ಮಿಜೋಗಳ ಋಣ ತೀರಿತು ಅಂತ" ಎಂದೆ, ಏನೋ ದೊಡ್ಡದು ಹೊಳೆದವನಂತೆ. 'ಋಣ'ಕ್ಕೆ ಹುಡುಗ ತಡವರಿಸಿದ, ಸಾಲ ಎಂದಿರಬೇಕು. ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

"ತೀರಿಸಿಬಿಟ್ಟರೆ ಮುಂದೆ ಓಡಿಬರುವವರು ಯಾರ ಮನೆಗೆ ಬರಬೇಕು?"

*

26ರಂದು 'ರುವಾಯ್', ಸಾಮೂಹಿಕ ಊಟ. ಅಡುಗೆ ಗಂಡಸರದ್ದು. ನಸುಕಿಗೇ ಬಯಲಿನಲ್ಲಿ ಒಲೆ ಹೂಡಿ, ದೊಡ್ಡ ಹಂಡೆಗಳಲ್ಲಿ ಹಂದಿಮಾಂಸ, ಅನ್ನ, ಸೊಪ್ಪು ಬೇಯಿಸಿದರು. ನಾನು ಮಾಂಸ ತಿನ್ನುವುದಿಲ್ಲ ಎಂಬುದು ಹೇಗೋ ತಿಳಿದು, ಸೊಸೆ ನನಗೆಂದೇ ಎಲೆಯಲ್ಲಿ ಸುತ್ತಿದ ಛಾಂಗ್‌ಬಾನ್ ತಂದಿಟ್ಟಳು. ಅಂಟಕ್ಕಿ ಕುಟ್ಟಿ, ಎಲೆಯಲ್ಲಿ ಮಡಿಸಿ ಬೇಯಿಸಿದ್ದು, ನೆಂಚಿಕೊಳ್ಳಲು ಬೆಲ್ಲ. ಬಿಚ್ಚಿದಾಗ ಎದ್ದ ಹಬೆಗೆ ನಮ್ಮ ಎಲೆಗಟ್ಟಿಯ ವಾಸನೆ. ಬಡಿಸಲು ನಾನೂ ಸೌಟು ಹಿಡಿಯುತ್ತೇನೆ ಎಂದು ಎದ್ದೆ. ಬಿಡಲಿಲ್ಲ. "ನೀವು ನೆಂಟರು, ಕೂತುಕೊಳ್ಳಿ." ಆಸರೆ ಪಡೆದವರ ಮನೆಯಲ್ಲಿ ನಾನು ನೆಂಟ! ಜೊಖಾವ್‌ತಾರಿನ ಊರವರೂ ಅದೇ ಪಂಕ್ತಿಯಲ್ಲಿ ಕೂತಿದ್ದರು. ಯಾರು ಆಶ್ರಯ ಕೊಟ್ಟವರು, ಯಾರು ಪಡೆದವರು ಎಂದು ಮುಖ ನೋಡಿ ಗುರುತಿಸಲು ಒಂದಿಷ್ಟು ಹೊತ್ತು ಯತ್ನಿಸಿ ಬಿಟ್ಟುಬಿಟ್ಟೆ.

ಹೊರಡುವಾಗ ಅಜ್ಜಿ ಡಬ್ಬಿ ತಂದಳು. ತೊಳೆದು ಒರೆಸಿತ್ತು. ಕೈಗೆ ತೆಗೆದುಕೊಂಡರೆ ಹಗುರ, ಆದರೆ ಅಲ್ಲಾಡಿಸಿದರೆ ಒಳಗೆ ಗೆಜ್ಜೆಯಂತೆ ಸದ್ದು. ಮುಚ್ಚಳ ತೆಗೆದೆ: ಕಂಠಮಟ್ಟ ಒಣಮೆಣಸು. ಗುಡಿಸಲ ಹಿಂದಿನ ಮೂರಡಿ ನೆಲದಲ್ಲಿ ಅವರೇ ಬೆಳೆದದ್ದು. ಮಿಜೋಗಳ ಹ್ಮಾರ್ಚಾ, ನೋಡಲು ಥೇಟು ನಮ್ಮ ಗಾಂಧಾರಿ.

ಮಂಗಳೂರಿಗೆ ಮರಳಿ ಡಬ್ಬಿ ಕೊಟ್ಟಾಗ ಬಾಯಿ ಅದನ್ನು ಮೂಸಿ, ಸೀನಿ, "ಪಾತ್ರೆ ಖಾಲಿ ಕೊಡಬಾರದು ಅಂತ ಅವರಿಗೂ ಗೊತ್ತುಂಟಲ್ಲ ಮಾರಾಯ್ರೆ!" ಎಂದರು. ಅರ್ಧ ಉಪ್ಪಿನಕಾಯಿಗೆ ಹೋಯಿತು, ಉಳಿದದ್ದರ ಬೀಜ ಹಿತ್ತಲಿಗೆ. ನಾಲ್ಕು ಗಿಡ ಎದ್ದಿವೆ. ಲೆಕ್ಕದ ಪ್ರಕಾರ ಮುಂದಿನ ಡಬ್ಬಿ ಈಗ ನಮ್ಮ ಕಡೆಯಿಂದ ಹೋಗಬೇಕು.