ತಾಲು ತಾ

ನಮ್ಮಂಥವರಿಗೆ ಮಕ್ಕಳ ಜೊತೆ ಮಾತು ಅಂದ್ರೆ ಶುಕ್ರವಾರ. ಉಳಿದ ದಿನ ನಾನು ಡ್ಯೂಟಿ ಮುಗಿಸಿ ಮೆಹಬೂಲದ ರೂಮಿಗೆ ಬರೋದ್ರಲ್ಲಿ ಕುವೈತ್‌ನಲ್ಲಿ ರಾತ್ರಿ ಎಂಟು, ಕೆ.ಆರ್. ನಗರದಲ್ಲಿ ಹತ್ತೂವರೆ. ಮಗ ಮಲಗಿರ್ತಾನೆ.

ಹೋದ ವರ್ಷ ಅವನಿಗೆ ಎರಡೂವರೆ ತುಂಬಿತ್ತು. ಒಂದು ಶುಕ್ರವಾರ ಫೋನಿಗೆ ಮುಖ ಅಂಟಿಸ್ಕೊಂಡು, "ಅಪ್ಪ, ತಾಲು ತಾ" ಅಂದ.

"ಹಾಲಾ? ಅಮ್ಮನ್ನ ಕೇಳು ಮಗಾ, ಕೊಡ್ತಾಳೆ."

"ತಾಲು! ತಾಲು!" ಅಂತ ಅಳೋಕೆ ಶುರು. ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು, "ಹಾಲಲ್ಲ ರೀ, ಕಾರು. ಆಟದ ಕಾರು ತಗೊಂಡ್ ಬನ್ನಿ ಅಂತಿದಾನೆ."

ಹೆತ್ತ ಮಗನ ಮಾತನ್ನ ಇನ್ನೊಬ್ಬರು ಬಿಡಿಸಿ ಹೇಳಬೇಕಾಯ್ತಲ್ಲ ಅಂತ ಮನಸ್ಸು ಕೊರೀತಿತ್ತು. ಅವತ್ತಿಂದ ಫೋನಿನಲ್ಲೇ ಪಾಠ ಶುರು ಮಾಡಿದೆ. "ತಾದೆ ಅಲ್ಲ, ಕಾಗೆ. ಎಲ್ಲಿ, ಕಾಗೆ ಅನ್ನು." ನಾಲ್ಕು ವಾರ ಇದೇ ಆಯ್ತು. ಐದನೇ ಶುಕ್ರವಾರ ಫೋನ್ ನೋಡಿದ ಕೂಡಲೇ ಅಜ್ಜಿ ಸೆರಗಿನ ಹಿಂದೆ ಓಡಿ, "ಅಪ್ಪ ಬೇದ" ಅಂದ. ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ರೂಮಿನವರೊಬ್ಬರು ನಾಲಿಗೆ ಕೆಳಗಿನ ದಾರ ಕತ್ತರಿಸಿದ್ರೆ ಸರಿಹೋಗುತ್ತೆ ಅಂದ್ರು. ನಾನೂ ಗಾಬರಿಯಲ್ಲಿ ಒಪ್ಪಿದ್ದೆ. ಹೆಂಡತಿ ಒಪ್ಪಲಿಲ್ಲ. ಮಗನನ್ನ ಬಸ್ಸು ಹತ್ತಿಸ್ಕೊಂಡು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದಳು.

ಅಲ್ಲಿ ಮೊದಲು ನೋಡಿದ್ದು ನಾಲಿಗೆ ಅಲ್ಲ, ಕಿವಿ. ನೆಗಡಿ ಜಾಸ್ತಿ ಆಗುತ್ತಾ, ಕಿವಿ ಸೋರುತ್ತಾ ಅಂತ ಕೇಳಿದರಂತೆ. ಕಿವಿ ಚೆನ್ನಾಗಿತ್ತು. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸ್ತು. ನಮ್ಮ ಕ-ಚ-ಟ-ತ-ಪ ಸಾಲು ಗಂಟಲ ಕಡೆಯಿಂದ ಹೊರಟು ತುಟಿಗೆ ಬಂದು ಮುಗಿಯುತ್ತೆ. ಮಕ್ಕಳು ಹೆಚ್ಚಾಗಿ ತುಟಿಯಿಂದ ಹೊರಡ್ತಾರೆ: ಅಮ್ಮ, ಅಪ್ಪ, ಪಾಪು, ಬುವ್ವ. ಕ, ಗ ಅನ್ನೋಕೆ ನಾಲಿಗೆಯ ಹಿಂಭಾಗ ಮೇಲೇಳಬೇಕು. ಅದು ಬರೋವರೆಗೂ ತುದಿಯಲ್ಲೇ ಕೆಲಸ ಮುಗಿಸ್ತಾರೆ, ಕ ಹೋಗಿ ತ, ಗ ಹೋಗಿ ದ. ಹಾಗಾಗಿ ದಾರ ಕತ್ತರಿಸಿದ್ರೆ ಕ ಬರೋದಿಲ್ಲ. ಸಾಮಾನ್ಯವಾಗಿ ಮೂರೂವರೆ, ನಾಲ್ಕರ ಹೊತ್ತಿಗೆ ಅದಾಗೇ ಬರುತ್ತೆ. ರ, ಳ ಇನ್ನೂ ತಡ. ಎರಡು ವರ್ಷದ ಮಗುವಿನ ಮಾತು ಹೊರಗಿನವರಿಗೆ ಅರ್ಧ ತಿಳಿದ್ರೆ ಸಾಕು, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಹೆಚ್ಚುಕಮ್ಮಿ ಪೂರ್ತಿ. ಎರಡು ತುಂಬಿದ್ರೂ ಎರಡು ಪದ ಕೂಡಿಸಿ ಆಡದಿದ್ರೆ, ಕರೆದ್ರೆ ತಿರುಗದಿದ್ರೆ, ಆಡ್ತಿದ್ದ ಮಾತು ನಿಂತುಹೋದ್ರೆ ಮಾತ್ರ ಕಾಯಬಾರದು, ತೋರಿಸ್ಲೇಬೇಕು.

ನಾನು ತಪ್ಪುಗಳ ಪಟ್ಟಿಯಲ್ಲಿ "ಆಲು" ಅಂತಲೂ ಬರೆಸಿ ಕಳಿಸಿದ್ದೆ. ನಮ್ಮವ್ವ ಎಪ್ಪತ್ತು ವರ್ಷದಿಂದ ಹಾಲಿಗೆ ಆಲು ಅಂತಾನೇ ಅಂತಿದಾಳೆ!

ತಿದ್ದಬೇಡಿ, ಹಾಗಂತ ಅವನ ಹಾಗೆ ತೊದಲಲೂಬೇಡಿ ಅಂದ್ರು. ಅವನು "ತಾದೆ ಬಂತು" ಅಂದ್ರೆ ನಾನು "ಹೌದಾ, ಕಾಗೆ ಬಂತಾ? ಕಾಗೆ ಎಲ್ಲಿ ಕೂತಿದೆ?" ಅನ್ನಬೇಕು, ಅಷ್ಟೇ. ನೆಟ್ಟಗೆ ಸಿಗ್ನಲ್ ಸಿಗದ ಫೋನಿನಲ್ಲಿ ಇದು ಸುಲಭ ಅಲ್ಲ. ಆದ್ರೂ ಎರಡು ತಿಂಗಳಲ್ಲಿ ಅವನು ಮತ್ತೆ ಫೋನಿಗೆ ಬಂದ, ಕಾಗೆ ತೋರಿಸೋಕೆ.

ಈ ವರ್ಷ ರಜೆಗೆ ಹೋದಾಗ ರಿಮೋಟ್ ಕಾರು ಒಯ್ದಿದ್ದೆ. ಡಬ್ಬ ಬಿಚ್ಚಿದವನೇ "ಅಪ್ಪಾ, ಕಾಲು!" ಅಂದ. ನಾನು ನನ್ನ ಕಾಲು ನೋಡ್ಕೊಂಡೆ. ಆಮೇಲೆ ಹೊಳೀತು. ಕ ಬಂದಿತ್ತು, ನಾನಿಲ್ಲದಾಗ ಯಾವತ್ತೋ ಬಂದಿತ್ತು. ರ ಇನ್ನೂ ದಾರಿಯಲ್ಲಿತ್ತು.

ಹಳೇದನ್ನ ಒಂದ್ಸಲ ಕೇಳೋ ಆಸೆ ಆಯ್ತು. "ತಾಲು ಅನ್ನು ಮಗಾ" ಅಂದೆ.

"ತಾಲು ಅಲ್ಲಪ್ಪ," ಅಂದ ಬೇಜಾರಲ್ಲಿ, "ಕಾಲು."