ಗಾಡಿ ಇಲ್ಲದ ಮನೆಯ ಜಮಾ-ಖರ್ಚು

ನಮ್ಮ ಊರಿನಲ್ಲಿ ಈಗ ಒಬ್ಬ ಮನುಷ್ಯ ಸುಮ್ಮನೆ ನಡೆದುಕೊಂಡು ಹೋಗುವುದೇ ಕಷ್ಟ. ನೂರು ಹೆಜ್ಜೆ ಹಾಕುವುದರೊಳಗೆ ಯಾರಾದರೊಬ್ಬರು ಬೈಕು ನಿಲ್ಲಿಸುತ್ತಾರೆ. ‘ಯಾಕ್ರಿ ಸರ್, ನಡಕೋತ ಹೊಂಟೀರಿ? ಗಾಡಿ ಏನಾತು?’ ಎಂದು ಕೇಳುತ್ತಾರೆ. ‘ಗಾಡಿ ಮಾರೇನ್ರಿ’ ಎಂದರೆ ಅವರ ಮುಖದಲ್ಲಿ ಮರುಕ ಮೂಡುತ್ತದೆ. ‘ಹತ್ರಿ, ಬಿಡತೇನಿ’ ಎನ್ನುತ್ತಾರೆ. ‘ಬ್ಯಾಡ್ರಿ, ಇಲ್ಲೇ ಪ್ಯಾಟಿಗೆ ಹೊಂಟೇನಿ’ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಗಾಡಿ ಬಿಟ್ಟವನಿಗೆ ಮೊದಲು ಕಾಲುನೋವು ಬರುತ್ತದೆ ಎಂದುಕೊಂಡಿದ್ದೆ. ಅದಕ್ಕಿಂತ ಮೊದಲು ಬಂದದ್ದು ಈ ಪ್ರೀತಿಯ ಕಾಟ.

ನಾನು ರಾಮದುರ್ಗದವನು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ದಪ್ಪ ಲೆಜರಿನಲ್ಲಿ ಕೈಯಿಂದ ಬರೆಯುವ ಕಾಲದಿಂದ ಕಂಪ್ಯೂಟರ್ ಕೀಲಿ ಒತ್ತುವ ಕಾಲದವರೆಗೆ ದುಡಿದು ನಿವೃತ್ತನಾದೆ. ಈಗ ವಯಸ್ಸು ಎಪ್ಪತ್ತು ದಾಟಿದೆ. ಐವತ್ತೈದು ದಾಟಿದವರಿಗೆ ವಾಹನದ ಲೈಸೆನ್ಸನ್ನು ಐದೈದು ವರ್ಷಕ್ಕೆ ಮಾತ್ರ ನವೀಕರಿಸಿ ಕೊಡುತ್ತಾರೆ, ಜೊತೆಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಎರಡು ವರ್ಷದ ಹಿಂದೆ ನನ್ನ ಅವಧಿ ಮುಗಿಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಹಗಲು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ರಾತ್ರಿ ಎದುರಿನ ದೀಪದ ಝಳಪಿಗೆ ಕಣ್ಣು ಕುಕ್ಕುತ್ತಿತ್ತು. ಸ್ಕೂಟರ್ ಓಡಿಸಲು ನನಗೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ರಸ್ತೆಯಲ್ಲಿ ನಾನೊಬ್ಬನೇ ಇರುವುದಿಲ್ಲವಲ್ಲ! ಸ್ಕೂಟರ್ ಮಾರಿಬಿಟ್ಟೆ.

ಮಗ ಪುಣೆಯಲ್ಲಿದ್ದಾನೆ. ಸುದ್ದಿ ಕೇಳಿ ಫೋನ್ ಮಾಡಿದ. ‘ಅಪ್ಪಾ, ಒಂದು ಸಣ್ಣ ಕಾರು ಕೊಡಸತೇನಿ, ಡ್ರೈವರ್ ಇಟ್ಕೊಳ್ರಿ’ ಎಂದ. ಮಗನ ಮಾತು ಕೇಳಿ ಸಂತೋಷವಾಯಿತು. ಆದರೂ ಹಳೆಯ ಚಾಳಿ, ರಾತ್ರಿ ಕುಳಿತು ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಹಾಕಿ ನೋಡಿ. ಕಾರಿನ ಬೆಲೆ ಆರು ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಾರಿನ ಸವಕಳಿ ವರ್ಷಕ್ಕೆ ಶೇ. 15. ಅಂದರೆ ಮೊದಲ ವರ್ಷವೇ 90,000 ರೂಪಾಯಿ ಸವೆದುಹೋಯಿತು. ಅದೇ ಹಣವನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ 42,000 ಬರುತ್ತಿತ್ತು, ಅದೂ ಹೋಯಿತು. ಎರಡೂ ಸೇರಿ 1,32,000. ಇದನ್ನು 365ರಿಂದ ಭಾಗಿಸಿ. ದಿನಕ್ಕೆ ಸುಮಾರು 360 ರೂಪಾಯಿ! ಪೆಟ್ರೋಲು, ವಿಮೆ, ಡ್ರೈವರನ ಪಗಾರ ಇನ್ನೂ ಸೇರಿಸಿಲ್ಲ. ಕಾರು ಮನೆಯ ಮುಂದೆ ನಿದ್ದೆ ಮಾಡುತ್ತಿದ್ದರೂ ಕೂಲಿ ಕೊಡಲೇಬೇಕು.

ಮರುದಿನ ಒಂದು ನೋಟುಬುಕ್ಕು ತಂದು ನಡುವೆ ಗೆರೆ ಎಳೆದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಸ್ವಂತ ಗಾಡಿ ಇಲ್ಲದೆ ಒಂದು ವರ್ಷ ಇದ್ದು ನೋಡುವುದು, ಬಂದದ್ದನ್ನೆಲ್ಲ ಬರೆಯುವುದು, ಆಮೇಲೆ ಕಾರಿನ ಮಾತು ಆಡುವುದು ಎಂದು ಮಗನಿಗೆ ತಿಳಿಸಿದೆ.

ಖರ್ಚಿನ ಕಡೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಬೇಗ ತುಂಬಿತು. ರಾಮದುರ್ಗ ಮಲಪ್ರಭೆಯ ದಂಡೆಯ ಊರು. ಹಿಂದೆ ಒಂದು ಸಣ್ಣ ಸಂಸ್ಥಾನದ ರಾಜಧಾನಿಯಾಗಿತ್ತು. ಹಳೆಯ ಓಣಿಗಳನ್ನು ಮನುಷ್ಯರು ಮತ್ತು ಚಕ್ಕಡಿಗಳು ಓಡಾಡಲೆಂದು ಮಾಡಿದ್ದರು. ಅದೇ ಓಣಿಯಲ್ಲಿ ಈಗ ಎರಡೂ ಬದಿಗೆ ಬೈಕು ನಿಲ್ಲುತ್ತವೆ, ನಡುವೆ ಟಂಟಂ ನುಗ್ಗುತ್ತದೆ. ನಡೆಯುವವನು ಗೋಡೆಗೆ ಅಂಟಿಕೊಳ್ಳಬೇಕು. ಫುಟ್‌ಪಾತ್ ಇರುವಲ್ಲಿ ಅಂಗಡಿಯ ಸಾಮಾನು ಇರುತ್ತದೆ. ಹಿಂದಿನಿಂದ ಬರುವ ಹಾರ್ನು ಎದೆ ಝಲ್ಲೆನಿಸುತ್ತದೆ. ಹೈಸ್ಕೂಲಿನ ಹುಡುಗರು ಅಪ್ಪನ ಬೈಕು ತಂದು ಹಾರಿಸುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇದನ್ನು ಓದುವ ಹುಡುಗರು ಒಮ್ಮೆ ಅಪ್ಪನ ಮುಖ ನೆನಪು ಮಾಡಿಕೊಳ್ಳಲಿ.

ಊರಿಗೆ ರೈಲಿಲ್ಲ. ಧಾರವಾಡ, ಬೆಳಗಾವಿ, ಸವದತ್ತಿ, ಬಾದಾಮಿ ಎಲ್ಲಿಗೆ ಹೋಗಬೇಕಾದರೂ ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಅರವತ್ತು ದಾಟಿದ ನನಗೆ ಶೇ. 25 ರಿಯಾಯಿತಿ. ‘ನಾ ಪುಕ್ಕಟೆ, ನೀವು ಮುಕ್ಕಾಲು’ ಎಂದು ನನ್ನ ಹೆಂಡತಿ ನಗುತ್ತಾಳೆ. ಅವಳು ತವರಿಗೆ ಹೋಗಿ ಬರುವುದು ಹೆಚ್ಚಾಗಿದೆ, ಒಳ್ಳೆಯದೇ. ಆದರೆ ಬಸ್ಸಿನ ಮೊದಲ ಮೆಟ್ಟಿಲು ನಮ್ಮ ಮೊಣಕಾಲಿನ ಎತ್ತರಕ್ಕಿದೆ. ಒಳಗಿನಿಂದ ಯಾರಾದರೂ ಕೈ ಕೊಟ್ಟರೆ ಮಾತ್ರ ಹತ್ತುತ್ತೇವೆ. ಸಂತೆಯ ದಿನ ಆ ಕೈಗಳೆಲ್ಲ ಚೀಲ ಹಿಡಿದಿರುತ್ತವೆ.

ಇನ್ನು ಪ್ರಯೋಗಗಳು. ಮೊದಲನೆಯದು ಭಾರದ್ದು. ಮೊದಲು ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಕಾಯಿಪಲ್ಲೆ ಹೇರಿಕೊಂಡು ಬರುತ್ತಿದ್ದೆ. ಗಾಲಿ ಇರುವ ಚೀಲವೊಂದನ್ನು ಮಗ ಪುಣೆಯಿಂದ ಕಳಿಸಿದ. ನಮ್ಮ ಓಣಿಯ ಕಲ್ಲುಗಳು ಅದನ್ನು ಹದಿನೈದು ದಿನದಲ್ಲಿ ಕುಂಟು ಮಾಡಿದವು. ಈಗ ಎರಡು ಬಟ್ಟೆಯ ಚೀಲ, ಎರಡರಲ್ಲೂ ಸಮ ತೂಕ, ಒಂದರಲ್ಲಿ ಎರಡು ಕಿಲೋ ಮೀರಬಾರದು. ವಾರಕ್ಕೆ ಮೂರು ಸಲ ಹೋಗುತ್ತೇನೆ. ಇದರಿಂದ ಒಂದು ಲಾಭ ತಾನಾಗಿಯೇ ಬಂತು, ಮನೆಯಲ್ಲಿ ಸೊಪ್ಪು ಬಾಡುವುದು ನಿಂತಿತು. ಜೋಳದ ಚೀಲ, ಗ್ಯಾಸ್ ಸಿಲಿಂಡರು ಮಾತ್ರ ಮನೆಗೇ ಬರಬೇಕು. ಅಲ್ಲಿ ಹಟ ಮಾಡುವುದಿಲ್ಲ.

ಎರಡನೆಯದು ರಿಕ್ಷಾದ ಖಾತೆ. ನಮ್ಮ ಓಣಿಯಲ್ಲೇ ಒಬ್ಬ ರಿಕ್ಷಾದ ಹುಡುಗ ಇದ್ದಾನೆ. ಪ್ರತಿ ಸಲ ಬಾಡಿಗೆಗೆ ಕೊಸರಾಡುವುದು ನನಗೂ ಬೇಸರ, ಅವನಿಗೂ ಬೇಸರ. ‘ತಿಂಗಳಿಗೊಮ್ಮೆ ಲೆಕ್ಕ ಮಾಡೂಣು, ಬರದು ಇಡತೇನಿ’ ಎಂದೆ. ‘ಆತ್ರಿ ಕಾಕಾ’ ಎಂದ. ಆಸ್ಪತ್ರೆ, ಮದುವೆ, ಮಳೆ ಬಂದ ದಿನ, ಹೀಗೆ ತಿಂಗಳಿಗೆ ಆರೇಳು ಸಲ ಆಗುತ್ತದೆ. ಒಂದು ತಿಂಗಳೂ ಸಾವಿರ ರೂಪಾಯಿ ದಾಟಿಲ್ಲ. ಮೇಲಿನ ಲೆಕ್ಕದಲ್ಲಿ ಅದು ನಿಂತ ಕಾರಿನ ಮೂರು ದಿನದ ಕೂಲಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮಗಳ ಮನೆ ಇದೇ ಊರಿನಲ್ಲಿ, ಎರಡು ಓಣಿ ಆಚೆ. ಮೊಮ್ಮಗಳು ಮೂರನೇ ತರಗತಿ. ಶಾಲೆ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೂ ಅಳಿಯ ದಿನಾ ಬೈಕಿನಲ್ಲಿ ಬಿಡುತ್ತಿದ್ದ. ಗಾಡಿ ತೆಗೆದು, ಶಾಲೆಯ ಗೇಟಿನ ಗದ್ದಲದಲ್ಲಿ ಸಿಕ್ಕಿಕೊಂಡು, ಇಳಿಸುವುದಕ್ಕೆ ಹನ್ನೊಂದು ನಿಮಿಷ ಹಿಡಿಯುವುದನ್ನು ಗಡಿಯಾರ ನೋಡಿ ಬರೆದಿದ್ದೆ. ನಡೆದರೆ ಹದಿನೈದು ನಿಮಿಷ. ‘ನಾಲ್ಕು ನಿಮಿಷದ ಸಾಲ ನಾ ತೀರಸತೇನಿ’ ಎಂದು ಹೇಳಿ ಮೊಮ್ಮಗಳ ಕೈ ಹಿಡಿದು ಹೊರಟೆ. ವಾರದೊಳಗೆ ಪಕ್ಕದ ಮನೆಯ ಇಬ್ಬರು ಹುಡುಗರು ಸೇರಿದರು. ಅವರ ಅಜ್ಜ ನಿವೃತ್ತ ಮಾಸ್ತರು, ಅವರೂ ಬಂದರು. ಈಗ ಒಂಬತ್ತು ಮಕ್ಕಳು, ಮುಂದೊಬ್ಬ ಅಜ್ಜ, ಹಿಂದೊಬ್ಬ ಅಜ್ಜ. ಫುಟ್‌ಪಾತ್ ಇಲ್ಲದಲ್ಲಿ ರಸ್ತೆಯ ಬಲಬದಿಗೆ, ಎದುರಿಗೆ ಬರುವ ವಾಹನ ಕಾಣುವಂತೆ ನಡೆಯಬೇಕು ಎಂಬುದು ನಮ್ಮ ಮೊದಲ ನಿಯಮ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಹೀಗೆಯೇ ಓಣಿವಾರು ಗುಂಪು ಕಟ್ಟಿಕೊಂಡು ಶಾಲೆಗೆ ನಡೆದು ಹೋಗುವ ರೂಢಿ ಇದೆ. ಅಲ್ಲಿ ಮುಂದೆ ಇರುವುದು ಅಜ್ಜನಲ್ಲ, ದೊಡ್ಡ ತರಗತಿಯ ಹುಡುಗ ಅಥವಾ ಹುಡುಗಿ. ಇದನ್ನು ಹೇಳಿದ ದಿನದಿಂದ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಜಾಗ ಕೇಳುತ್ತಿದ್ದಾಳೆ.

ದಾರಿಯಲ್ಲಿ ಮಗ್ಗದ ಸಪ್ಪಳ ಯಾವ ಮನೆಯಿಂದ ಬರುತ್ತದೆ, ಯಾವ ಬೇವಿನ ಮರಕ್ಕೆ ಮೊದಲು ಚಿಗುರು ಬಂತು, ಯಾವ ನಾಯಿಯನ್ನು ನಂಬಬಹುದು, ಎಲ್ಲ ಮಕ್ಕಳಿಗೆ ಬಾಯಿಪಾಠ. ಬೈಕಿನ ಮೇಲೆ ಅಪ್ಪನ ಬೆನ್ನು ಬಿಟ್ಟು ಬೇರೆ ಏನು ಕಾಣುತ್ತಿತ್ತು?

ಇಷ್ಟರಲ್ಲಿ ನನ್ನ ನೋಟುಬುಕ್ಕಿಗೆ ಪರೀಕ್ಷೆ ಬಂತು. ಒಂದು ರಾತ್ರಿ ಎರಡು ಗಂಟೆಗೆ ಹೆಂಡತಿ ಎದ್ದು ಕುಳಿತಳು. ಮೈಯೆಲ್ಲ ಬೆವರು, ಮಾತು ತೊದಲುತ್ತಿತ್ತು. ರಿಕ್ಷಾದ ಹುಡುಗನಿಗೆ ಫೋನ್ ಮಾಡಿದೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದ. ಎದುರು ಮನೆಯವರು ಸಪ್ಪಳ ಕೇಳಿ ಎದ್ದು ಬಂದು, ಅವಳನ್ನು ಎತ್ತಿ ಕೂಡಿಸಿ, ಒಬ್ಬರು ಜೊತೆಗೂ ಹತ್ತಿದರು. ರಕ್ತದಲ್ಲಿ ಸಕ್ಕರೆ ಬಹಳ ಇಳಿದಿತ್ತು. ತಡ ಮಾಡದೆ ತಂದಿರಿ ಎಂದರು ಡಾಕ್ಟರು. ಎರಡು ದಿನಕ್ಕೆ ಮನೆಗೆ ಬಂದಳು.

ಮಗ ಓಡಿ ಬಂದ. ‘ಅಪ್ಪಾ, ಕಾರು ಇದ್ದಿದ್ದರ?’ ಎಂದ. ಆ ಪ್ರಶ್ನೆ ಸಣ್ಣದಲ್ಲ, ಅದಕ್ಕೆ ನಾನೂ ಎರಡು ರಾತ್ರಿ ಉತ್ತರ ಹುಡುಕಿದ್ದೆ. ‘ಕಾರು ಇದ್ದರೂ ಆ ಹೊತ್ತಿನ್ಯಾಗ ಅದನ್ನ ಯಾರು ನಡಸತಿದ್ರಪಾ? ಡ್ರೈವರ್ ಅವನ ಮನಿಯಾಗ ಮಲಗಿರತಾನ. ನನ್ನ ಕೈ ಹ್ಯಾಂಗ ನಡಗತಿತ್ತು ಅಂದ್ರ, ಫೋನಿನ ಗುಂಡಿ ಒತ್ತೂದು ಕಷ್ಟ ಆಗಿತ್ತು’ ಎಂದೆ. ಅವನು ಸುಮ್ಮನಾದ. ಆದರೆ ನಾನು ಅಷ್ಟಕ್ಕೇ ಬಿಡಲಿಲ್ಲ. ರಿಕ್ಷಾದ ಹುಡುಗ ಅಂದು ಬೇರೆ ಊರಿಗೆ ಹೋಗಿದ್ದರೆ? ಈಗ ಹಾಸಿಗೆಯ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂರು ನಂಬರು ಬರೆದು ಅಂಟಿಸಿದ್ದೇವೆ. ಒಂದು ರಿಕ್ಷಾದ್ದು, ಒಂದು ಕಾರು ಇರುವ ನೆರೆಯವರದ್ದು, ಒಂದು 2008ರಿಂದ ನಮ್ಮ ರಾಜ್ಯದಲ್ಲಿರುವ 108ರದ್ದು. ನೆರೆಯವರನ್ನು ಮೊದಲೇ ಕೇಳಿ ಒಪ್ಪಿಸಿದ್ದೇನೆ. ಒಬ್ಬಂಟಿಯಾಗಿರುವ ಹಿರಿಯರು ಗಾಡಿ ಇದ್ದರೂ ಇಲ್ಲದಿದ್ದರೂ ಈ ಚೀಟಿ ಬರೆದಿಟ್ಟುಕೊಳ್ಳಬೇಕು.

ಆ ರಾತ್ರಿ ನನಗೆ ತಿಳಿದದ್ದಿಷ್ಟು. ಸ್ವಂತ ಗಾಡಿ ಇಲ್ಲ ಎಂದರೆ ಯಾರ ಹಂಗೂ ಇಲ್ಲ ಎಂದು ಅರ್ಥವಲ್ಲ. ಹಂಗು ಹೆಚ್ಚೇ. ಓಣಿಯಲ್ಲಿ ದಿನಾ ನಡೆದು, ನಿಂತು, ಮಾತಾಡಿದ್ದಕ್ಕೇ ಎದುರು ಮನೆಯವರು ನಮ್ಮ ಬಾಗಿಲ ಸಪ್ಪಳ ಗುರುತಿಸಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಊರಿಗೆ ನೀರು ನುಗ್ಗಿದಾಗಲೂ ಕಾರಿದ್ದವರು, ಇಲ್ಲದವರು ಒಬ್ಬರ ಕೈ ಒಬ್ಬರು ಹಿಡಿದೇ ಈಚೆ ಬಂದದ್ದು.

ಹಾಗೆಂದು ಗಾಡಿಗಳೇ ಬೇಡ ಎನ್ನುವವನು ನಾನಲ್ಲ. ಹಳ್ಳಿಯಿಂದ ಬಾಣಂತಿಯನ್ನು ಕರೆತರಲು, ರೈತನ ಮಾಲು ಸಾಗಿಸಲು ಗಾಡಿ ಬೇಕು. ಆದರೆ ನಡೆಯುವವರಿಗೂ ಒಂದಿಷ್ಟು ಜಾಗ ಬಿಡಬಹುದಲ್ಲ? ಮಹಾರಾಷ್ಟ್ರದ ಮಾಥೇರಾನ್ ಎಂಬ ಗಿರಿಧಾಮಕ್ಕೆ ಖಾಸಗಿ ಕಾರು, ಬೈಕುಗಳಿಗೆ ಪ್ರವೇಶವೇ ಇಲ್ಲ, ಅವನ್ನು ಊರ ಹೊರಗೇ ನಿಲ್ಲಿಸಬೇಕು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ 1974ರಿಂದ ಭಾನುವಾರಗಳಂದು ಹಲವು ದೊಡ್ಡ ರಸ್ತೆಗಳನ್ನು ಕಾರುಗಳಿಗೆ ಮುಚ್ಚಿ, ನಡೆಯುವವರಿಗೆ, ಸೈಕಲ್ಲಿನವರಿಗೆ ಬಿಡುತ್ತಾರೆ. ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೂ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ನಿಲ್ಲಿಸಿ ನೋಡಿದ್ದರು. ನಮಗೆ ಅಷ್ಟೆಲ್ಲ ಬೇಡ. ಶಾಲೆ ಬಿಡುವ ಅರ್ಧ ತಾಸು ಗೇಟಿನ ಮುಂದೆ ಗಾಡಿ ನಿಲ್ಲದಿದ್ದರೆ ಸಾಕು. ಬಸ್ ನಿಲ್ಲುವಲ್ಲಿ ಒಂದು ಕಟ್ಟೆ, ಒಂದು ನೆರಳು ಇದ್ದರೆ ಸಾಕು. ಏಳು ವರ್ಷದ ಮಗು ಮತ್ತು ಎಪ್ಪತ್ತು ವರ್ಷದ ಅಜ್ಜ ಕೈ ಹಿಡಿದು ಜೊತೆಜೊತೆಯಾಗಿ ನಡೆಯುವಷ್ಟು ಅಗಲ ಇರಬೇಕು, ಅದೇ ನನ್ನ ಅಳತೆ. ಇದನ್ನೇ ಬರೆದು ಮಾಸ್ತರೂ ನಾನೂ ಒಂದು ಅರ್ಜಿ ತಯಾರಿಸಿದ್ದೇವೆ. ಕೆಳಗೆ ಒಂಬತ್ತು ಮಕ್ಕಳ ಸಹಿ ಇದೆ. ಇಬ್ಬರದು ಅಕ್ಷರ ಉಲ್ಟಾ ಆಗಿದೆ, ತಿದ್ದಲಿಲ್ಲ.

ವರ್ಷ ಮುಗಿದಿದೆ. ಮಗ ಕಾರಿನ ಮಾತು ಬಿಟ್ಟಿದ್ದಾನೆ. ಬದಲಿಗೆ ದೀಪಾವಳಿಗೆ ನಮ್ಮಿಬ್ಬರಿಗೂ ನಡೆಯುವ ಬೂಟು ತಂದ. ನನ್ನಾಕಿ ಸೀರೆಯ ಕೆಳಗೆ ಬೂಟು ಹಾಕಲು ಮೊದಲು ನಾಚಿದಳು. ಈಗ ನನಗಿಂತ ಎರಡು ಹೆಜ್ಜೆ ಮುಂದೆ ಇರುತ್ತಾಳೆ.

ಮಕ್ಕಳೇ, ಈ ವಾರ ನೀವೂ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಮನೆಯ ಗಾಡಿ ಎಷ್ಟು ಸಲ ಹೊರಟಿತು, ಅದರಲ್ಲಿ ಒಂದು ಕಿಲೋಮೀಟರಿನೊಳಗಿನ ದಾರಿ ಎಷ್ಟು, ಬರೆಯಿರಿ. ಶನಿವಾರ ಅಪ್ಪನಿಗೆ ತೋರಿಸುವ ಮೊದಲು ಅಜ್ಜನಿಗೋ ಅಜ್ಜಿಗೋ ತೋರಿಸಿ. ಮರುದಿನ ಹಾಲು ತರಲು ನಿಮ್ಮ ಜೊತೆ ಯಾರು ನಡೆದು ಬರುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗಲಿ.